ಎಂಟು ಯಾವುದಕ್ಕೆ? ನೋಡಿದ ಸಿನಿಮಾದ ಅಭಿಪ್ರಾಯ ಹೇಳುವ ಬಗೆಗಳ ಹೋಲಿಕೆ

ಸಿನಿಮಾ ನೋಡಿ ಹೊರಗೆ ಬಂದ ಮೇಲೆ ಅದರ ಬಗ್ಗೆ ನಾಲ್ಕು ಮಾತು ಆಡುವುದು ನಮ್ಮ ಕಡೆ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ಆಟ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವವರ ಮಾತು ಕೇಳಿ ನೋಡಿ: ಉಣಕಲ್ ದಾಟುವ ಹೊತ್ತಿಗೆ ನಟನೆಯ ಚರ್ಚೆ ಮುಗಿದಿರುತ್ತದೆ, ನವನಗರ ಬರುವಷ್ಟರಲ್ಲಿ ಸೆಕೆಂಡ್ ಹಾಫ್ ಎಳೆದಿದ್ದಾರೋ ಇಲ್ಲವೋ ಎಂಬುದು ತೀರ್ಮಾನವಾಗಿರುತ್ತದೆ, ಟೋಲ್ ನಾಕಾದಲ್ಲಿ ಇಳಿಯುವವರು ಕೊನೆಗೊಮ್ಮೆ ‘ಒಟ್ಟಿನಾಗ ಹೆಂಗ ಅನಿಸ್ತು?’ ಎಂದು ಕೇಳಿಯೇ ಇಳಿಯುತ್ತಾರೆ. ಆ ಕೊನೆಯ ಪ್ರಶ್ನೆಗೆ ಈಗ ಬಾಯಿಮಾತಿನ ಬದಲು ಹತ್ತಕ್ಕೆ ಇಷ್ಟು ಅಂಕ, ಐದಕ್ಕೆ ಇಷ್ಟು ಸ್ಟಾರ್, ಮೇಲೆತ್ತಿದ ಹೆಬ್ಬೆರಳು ಉತ್ತರವಾಗಿ ಬರುತ್ತಿವೆ. ಇವುಗಳಲ್ಲಿ ಯಾವುದನ್ನು ರೂಢಿಸಿಕೊಳ್ಳಬೇಕು ಎಂದು ಕೇಳಿದವರಿಗಾಗಿ ಈ ಬರಹ.

ಕೇಳಿದವರು ಮೂರು ಬಗೆಯವರು. ಧಾರವಾಡದಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ವಾರಕ್ಕೆ ಎರಡು ಮೂರು ಚಿತ್ರ ನೋಡುತ್ತಾರೆ, ವರ್ಷದ ಕೊನೆಗೆ ಏನೇನು ನೋಡಿದೆ, ಯಾವುದು ಮನಸ್ಸಿನಲ್ಲಿ ಉಳಿಯಿತು ಎಂಬ ಲೆಕ್ಕ ಅವರಿಗೆ ಬೇಕು. ಹಾವೇರಿಯ ಗೆಳೆಯರ ಬಳಗವೊಂದಕ್ಕೆ ತಮ್ಮ ವಾಟ್ಸ್‌ಆ್ಯಪ್ ಗುಂಪಿನ ಸಿನಿಮಾ ಚರ್ಚೆ ಜಗಳಕ್ಕೆ ತಿರುಗದಂತೆ ಎಲ್ಲರೂ ಒಪ್ಪುವ ಒಂದು ಅಳತೆ ಬೇಕು. ಹುಬ್ಬಳ್ಳಿಯ ಕುಟುಂಬವೊಂದು ತಿಂಗಳಿಗೆ ಒಂದೇ ಸಿನಿಮಾದ ಖರ್ಚು ಭರಿಸಬಲ್ಲದು. ಆ ಒಂದು ತಪ್ಪಬಾರದು. ಮೂವರಿಗೂ ಒಂದೇ ವಿಧಾನವನ್ನು ಸೂಚಿಸಲು ನನಗೆ ಮನಸ್ಸಿಲ್ಲ, ಅದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಎರಡು ವರ್ಷದ ಹಿಂದೆ ಒಂದು ಚಿತ್ರ ನೋಡಿ ಬಂದ ರಾತ್ರಿಯೇ ಗದಗಿನಲ್ಲಿರುವ ಅಕ್ಕನಿಗೆ ‘8/10’ ಎಂದಷ್ಟೇ ಬರೆದು ಕಳಿಸಿದೆ. ನನಗೆ ಅದರ ಛಾಯಾಗ್ರಹಣವೂ ಹಿನ್ನೆಲೆ ಸಂಗೀತವೂ ಬಹಳ ಹಿಡಿಸಿದ್ದವು. ಅಕ್ಕ ಆ ಭಾನುವಾರ ಅವ್ವನನ್ನು ಕರೆದುಕೊಂಡು ಹೋದಳು. ಮೊಣಕಾಲು ನೋವಿನ ಅವ್ವ ಬಾಲ್ಕನಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಕುಳಿತು, ತೆರೆಯ ಮೇಲೆ ರಕ್ತ ಹರಿಯತೊಡಗಿದ ಮೇಲೆ ಸೆರಗನ್ನು ಮುಖಕ್ಕೆ ಹಿಡಿದಿದ್ದು ಇಂಟರ್‌ವಲ್ಲಿನವರೆಗೂ ಬಿಡಲಿಲ್ಲವಂತೆ. ಇಬ್ಬರೂ ಅರ್ಧಕ್ಕೇ ಎದ್ದು ಮನೆಗೆ ಬಂದರು. ಸಂಜೆ ಫೋನಿನಲ್ಲಿ ಅಕ್ಕ ಬೈಯಲಿಲ್ಲ, ‘ಎಂಟು ಯಾವುದಕ್ಕ ಕೊಟ್ಟಿದ್ದಿ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿತ್ತು, ಆದರೆ ಅದನ್ನು ಕಳಿಸಿರಲಿಲ್ಲ. ಅಂದಿನಿಂದ ಯಾವ ವಿಧಾನವನ್ನು ಪರೀಕ್ಷಿಸುವಾಗಲೂ ಮೊದಲು ಅಕ್ಕನ ಆ ಪ್ರಶ್ನೆಯನ್ನೇ ಅದರ ಮುಂದಿಡುತ್ತೇನೆ.

ಅಳೆಯುವ ಮುನ್ನ

ನಾನು ನೋಡುವ ಸಂಗತಿಗಳು ಐದು. ಅಭಿಪ್ರಾಯವನ್ನು ಓದುವವರು ಯಾರು, ಅದನ್ನು ಓದಿ ಅವರು ಏನನ್ನು ತೀರ್ಮಾನಿಸಬೇಕಾಗಿದೆ ಎಂಬುದು ಮೊದಲನೆಯದು. ನನಗಾಗಿಯೇ ಬರೆದಿಟ್ಟುಕೊಳ್ಳುವ ಅಂಕಕ್ಕೂ ಮತ್ತೊಬ್ಬರ ಹಣ ಮತ್ತು ಸಮಯವನ್ನು ತೊಡಗಿಸುವ ಮಾತಿಗೂ ಇರುವ ವ್ಯತ್ಯಾಸ ದೊಡ್ಡದು. ಆರು ತಿಂಗಳ ನಂತರ ನೋಡಿದರೂ ಆ ಗುರುತಿನ ಅರ್ಥ ಉಳಿದಿರುತ್ತದೆಯೇ ಎಂಬುದು ಎರಡನೆಯದು. ಮೂರನೆಯದು ಬರೆಯಲು ಬೇಕಾಗುವ ಸಮಯ: ಪ್ರತಿ ಚಿತ್ರಕ್ಕೂ ಕಾಲು ಗಂಟೆ ಕೇಳುವ ಪದ್ಧತಿಯನ್ನು ಹೆಚ್ಚಿನವರು ಮೂರನೇ ವಾರದಲ್ಲಿ ಕೈಬಿಡುತ್ತಾರೆ. ಕಥೆಯ ಗುಟ್ಟು ಬಿಟ್ಟುಕೊಡದೆ ಅಭಿಪ್ರಾಯ ಹೇಳಲು ಸಾಧ್ಯವೇ ಎಂಬುದು ನಾಲ್ಕನೆಯದು. ಬರೆದದ್ದು ಯಾರ ಸುಪರ್ದಿಯಲ್ಲಿ ಉಳಿಯುತ್ತದೆ, ಫೋನು ಬದಲಾದರೆ ಅದರ ಗತಿಯೇನು ಎಂಬುದು ಐದನೆಯದು.

ಹತ್ತಕ್ಕೆ ಇಷ್ಟು

ಇದು ಎಲ್ಲಕ್ಕಿಂತ ಪರಿಚಿತವಾದ ಅಳತೆ. 1990ರಲ್ಲಿ ಆರಂಭವಾಗಿ 1998ರಿಂದ ಅಮೆಜಾನ್ ಒಡೆತನದಲ್ಲಿರುವ ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿ ಕೂಡ ಒಂದರಿಂದ ಹತ್ತರವರೆಗಿನ ಅಂಕವನ್ನೇ ಬಳಸುತ್ತದೆ. ಹತ್ತು ಮೆಟ್ಟಿಲುಗಳಿರುವುದರಿಂದ ‘ಇದು ಅದಕ್ಕಿಂತ ಸ್ವಲ್ಪ ಮೇಲು’ ಎನ್ನುವ ಸೂಕ್ಷ್ಮಕ್ಕೆ ಇಲ್ಲಿ ಜಾಗವಿದೆ, ತನ್ನ ಪಟ್ಟಿಯೊಳಗೇ ಚಿತ್ರಗಳನ್ನು ಹೋಲಿಸಿಕೊಳ್ಳುವವರಿಗೆ ಇದು ಅನುಕೂಲ.

ತೊಡಕು ಇರುವುದು ನಾವು ಶಾಲೆಯಿಂದ ಹೊತ್ತು ತಂದ ಅಭ್ಯಾಸದಲ್ಲಿ. ನೂರಕ್ಕೆ 35 ಬಂದರೆ ಪಾಸ್, 60 ಬಂದರೆ ಫಸ್ಟ್ ಕ್ಲಾಸ್ ಎಂಬ ಲೆಕ್ಕದಲ್ಲಿ ಬೆಳೆದ ನನ್ನ ಓರಗೆಯವರಲ್ಲಿ ಒಬ್ಬರಿಗೆ ಹತ್ತಕ್ಕೆ ಐದು ಎಂದರೆ ಪರವಾಗಿಲ್ಲ, ಇನ್ನೊಬ್ಬರಿಗೆ ಅದು ಅವಮಾನ. ಹಾಗಾಗಿ ಬಹುತೇಕರು ಆರರಿಂದ ಒಂಬತ್ತರ ನಡುವೆಯೇ ಓಡಾಡುತ್ತಾರೆ, ಕೆಳಗಿನ ಐದು ಮೆಟ್ಟಿಲುಗಳು ಸಿಟ್ಟು ಬಂದ ದಿನಕ್ಕೆ ಮಾತ್ರ ಬಳಕೆಯಾಗುತ್ತವೆ. ಒಂದೇ ಗುಂಪಿನಲ್ಲಿ ಇಬ್ಬರು ‘ಏಳು’ ಎಂದರೆ ಇಬ್ಬರೂ ಒಂದೇ ಮಾತು ಹೇಳಿದ್ದಾರೆಂಬ ಭರವಸೆಯಿಲ್ಲ. ಹಾವೇರಿಯ ಬಳಗ ಈ ಅಳತೆಯನ್ನೇ ಆರಿಸಿಕೊಳ್ಳುವುದಾದರೆ ಮೊದಲು ಎಲ್ಲರೂ ನೋಡಿರುವ ಮೂರು ಚಿತ್ರಗಳನ್ನು ತೆಗೆದುಕೊಂಡು, ಇದು ನಮ್ಮ ಮೂರು, ಇದು ನಮ್ಮ ಐದು, ಇದು ನಮ್ಮ ಎಂಟು ಎಂದು ಗೊತ್ತುಮಾಡಿಕೊಳ್ಳಲಿ. ಒಂದು ಸಂಜೆಯ ವಾದದಲ್ಲಿ ಮುಗಿಯುವ ಕೆಲಸವಿದು. ಆಮೇಲೆ ಕೊಡುವ ಅಂಕಗಳೆಲ್ಲ ಆ ಮೂರಕ್ಕೆ ಹೋಲಿಸಿ ಕೊಟ್ಟವಾಗುತ್ತವೆ.

ಸಾರ್ವಜನಿಕ ಅಂಕವನ್ನು ನೋಡಿ ಟಿಕೆಟ್ ತೆಗೆಯುವವರು ಎರಡು ಸಂಗತಿ ತಿಳಿದಿರಬೇಕು. ಐಎಂಡಿಬಿ ತೋರಿಸುವುದು ಎಲ್ಲ ಮತಗಳನ್ನು ಕೂಡಿಸಿ ಭಾಗಿಸಿದ ನೇರ ಸರಾಸರಿಯಲ್ಲ. ಮತಗಳಿಗೆ ಬೇರೆ ಬೇರೆ ತೂಕ ಕೊಟ್ಟು ತೆಗೆದ ಸರಾಸರಿ, ಆ ತೂಕದ ಸೂತ್ರವನ್ನು ಅದು ಪೂರ್ತಿಯಾಗಿ ಹೊರಗೆ ಹೇಳುವುದಿಲ್ಲ. ಎರಡನೆಯದಾಗಿ, ಅಂಕದ ಪಕ್ಕದಲ್ಲಿರುವ ಮತಗಳ ಸಂಖ್ಯೆಯನ್ನು ತಪ್ಪದೆ ನೋಡಬೇಕು. ಸಣ್ಣ ಕನ್ನಡ ಚಿತ್ರವೊಂದಕ್ಕೆ ಇನ್ನೂರು ಜನ ಸೇರಿ ಕೊಟ್ಟ 9.1ಕ್ಕೂ ಲಕ್ಷ ಜನ ಕೊಟ್ಟ 8.1ಕ್ಕೂ ಒಂದೇ ತಕ್ಕಡಿ ಸಲ್ಲದು. ಬಿಡುಗಡೆಯ ದಿನ ಅಭಿಮಾನಿಗಳು ಹತ್ತು, ಎದುರಾಳಿ ಅಭಿಮಾನಿಗಳು ಒಂದು ಒತ್ತುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ಶುಕ್ರವಾರದ ಅಂಕಕ್ಕಿಂತ ಸೋಮವಾರದ ಅಂಕವನ್ನು ನಾನು ಹೆಚ್ಚು ನಂಬುತ್ತೇನೆ. ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಬಿಡುಗಡೆಗೂ ಮುನ್ನ ಕಾಣುವ ‘ಆಸಕ್ತಿ ಇದೆ’ ಎಂಬವರ ಸಂಖ್ಯೆಯಂತೂ ಅಭಿಪ್ರಾಯವೇ ಅಲ್ಲ, ಅವರಲ್ಲಿ ಯಾರೂ ಇನ್ನೂ ಚಿತ್ರವನ್ನು ನೋಡಿಲ್ಲ.

ಐದು ಸ್ಟಾರ್

ಪತ್ರಿಕೆಗಳ ವಿಮರ್ಶೆಯಿಂದ ನಮಗೆ ಬಂದದ್ದು ಇದು. ಅರ್ಧ ಸ್ಟಾರ್ ಇಲ್ಲದೆ ಬಳಸಿದರೆ ಐದೇ ಮೆಟ್ಟಿಲು, ತೀರ್ಮಾನ ಬೇಗ ಆಗುತ್ತದೆ. ಆದರೆ ಎಲ್ಲವೂ ಮೂರು ಸ್ಟಾರಿನ ಬಳಿ ಬಂದು ರಾಶಿ ಬೀಳುತ್ತವೆ. ಅರ್ಧ ಸ್ಟಾರ್ ಸೇರಿಸಿದರೆ ಮತ್ತೆ ಹತ್ತು ಮೆಟ್ಟಿಲಾಗುತ್ತದೆ. ಹಾಗಿದ್ದರೂ ಹತ್ತು ಅಂಕಕ್ಕೂ ಇದಕ್ಕೂ ಒಂದು ವ್ಯತ್ಯಾಸ ನನ್ನ ಅನುಭವಕ್ಕೆ ಬಂದಿದೆ: ಸ್ಟಾರಿಗೆ ಪರೀಕ್ಷೆಯ ವಾಸನೆಯಿಲ್ಲ, ಎರಡೂವರೆ ಸ್ಟಾರ್ ಕೊಡುವಾಗ ಯಾರನ್ನೋ ಫೇಲು ಮಾಡಿದ ಸಂಕಟ ಆಗುವುದಿಲ್ಲ. ಆದ್ದರಿಂದ ಕೆಳಗಿನ ಮೆಟ್ಟಿಲುಗಳೂ ಬಳಕೆಗೆ ಬರುತ್ತವೆ.

ಧಾರವಾಡದ ವಿದ್ಯಾರ್ಥಿನಿಯಂಥವರಿಗೆ ಈ ಅಳತೆಯನ್ನೇ ನಂಬಿರುವ ಸಿನಿಪ್ರಿಯರ ಜಾಲತಾಣ ಲೆಟರ್‌ಬಾಕ್ಸ್‌ಡ್ ಒಳ್ಳೆಯ ಜೊತೆಗಾರ. 2011ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದ ಇದರಲ್ಲಿ ನೋಡಿದ ತಾರೀಖಿನ ಸಮೇತ ದಿನಚರಿ ಇಡಬಹುದು, ಎರಡನೇ ಬಾರಿ ನೋಡಿದ್ದನ್ನು ಬೇರೆಯಾಗಿ ಗುರುತಿಸಬಹುದು. ಸ್ಟಾರಿನ ಪಕ್ಕದಲ್ಲಿ ಪ್ರತ್ಯೇಕವಾಗಿ ಒಂದು ಹೃದಯದ ಗುರುತನ್ನೂ ಒತ್ತಬಹುದು. ಆ ಹೃದಯ ಸಣ್ಣ ಸಂಗತಿಯಂತೆ ಕಂಡರೂ ನನಗೆ ಇದರ ಅತ್ಯುತ್ತಮ ಗುಣ ಅದೇ. ಒಂದು ಚಿತ್ರ ಚೆನ್ನಾಗಿದೆ ಎನ್ನುವುದು ಬೇರೆ, ಅದು ನನಗೆ ಪ್ರೀತಿ ಎನ್ನುವುದು ಬೇರೆ. ಮೂರು ಸ್ಟಾರಿನ ಚಿತ್ರಕ್ಕೂ ಹೃದಯ ಒತ್ತಬಹುದಾದ ಅಳತೆ ಮನುಷ್ಯರ ಸ್ವಭಾವಕ್ಕೆ ಹತ್ತಿರವಾಗಿದೆ. ಮೂಲ ಸೌಲಭ್ಯಗಳಿಗೆ ಹಣ ಕೊಡಬೇಕಿಲ್ಲ, ಬರೆದದ್ದನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳಲೂ ಅವಕಾಶವಿದೆ, ಕನ್ನಡ ಲಿಪಿಯಲ್ಲೇ ಬರೆಯಬಹುದು. ಕೊರತೆಯೊಂದಿದೆ: ಚಿತ್ರಗಳ ಮಾಹಿತಿ ಟಿಎಂಡಿಬಿ ಎಂಬ, ಬಳಕೆದಾರರೇ ತುಂಬುವ ಭಂಡಾರದಿಂದ ಬರುತ್ತದೆ. ಹಳೆಯ ಅಥವಾ ಸಣ್ಣ ಕನ್ನಡ ಚಿತ್ರ ಅಲ್ಲಿ ಇಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗಿ ಸೇರಿಸಬೇಕು. ತಾಳ್ಮೆಯಿರುವವರು ಸೇರಿಸಲಿ ಎಂದೇ ನನ್ನ ಕೋರಿಕೆ, ಮುಂದೆ ಹುಡುಕುವ ಕನ್ನಡಿಗರೆಲ್ಲರಿಗೂ ಅದು ಸಿಗುತ್ತದೆ.

ಹೆಬ್ಬೆರಳು ಮತ್ತು ಶೇಕಡಾವಾರು

ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರನ್ನು ಕೈಬಿಟ್ಟು ಹೆಬ್ಬೆರಳಿಗೆ ಬಂತು, 2022ರಲ್ಲಿ ‘ಬಹಳ ಇಷ್ಟ’ ಎನ್ನಲು ಎರಡು ಹೆಬ್ಬೆರಳನ್ನೂ ಸೇರಿಸಿತು. ಅಲ್ಲಿ ನೀವು ಒತ್ತುವ ಗುರುತು ನಿಮ್ಮ ಮುಂದಿನ ಶಿಫಾರಸುಗಳಿಗೆ ಆಧಾರವಾಗುತ್ತದೆಯೇ ಹೊರತು ಗೆಳೆಯರಿಗೆ ತಲುಪುವ ಅಭಿಪ್ರಾಯವಾಗುವುದಿಲ್ಲ. ಒಂದೇ ಖಾತೆಯನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ ಪ್ರತಿಯೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಎಂಬುದಷ್ಟೇ ಇಲ್ಲಿ ನನ್ನ ಸಲಹೆ.

ಹೆಚ್ಚು ಗೊಂದಲ ಹುಟ್ಟಿಸುವುದು ವಿಮರ್ಶೆಗಳನ್ನು ಒಂದೆಡೆ ಸೇರಿಸುವ ಜಾಲತಾಣವಾದ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು. ಅಲ್ಲಿ 90% ಎಂದರೆ ನೂರಕ್ಕೆ ತೊಂಬತ್ತು ಅಂಕ ಬಂದಿದೆ ಎಂದು ಓದುವುದು ತಪ್ಪು. ಹತ್ತು ವಿಮರ್ಶಕರಲ್ಲಿ ಒಂಬತ್ತು ಮಂದಿ ಒಟ್ಟಾರೆ ಒಪ್ಪಿದ್ದಾರೆ ಎಂದಷ್ಟೇ ಅದರ ಅರ್ಥ. ಆ ಒಂಬತ್ತೂ ಮಂದಿ ‘ಪರವಾಗಿಲ್ಲ’ ಎಂದು ಬರೆದಿದ್ದರೂ 90% ಬರುತ್ತದೆ. ಅದೇ ಆರು ಮಂದಿ ಮೆಚ್ಚಿ ಕುಣಿದಾಡಿ, ನಾಲ್ವರು ಸಿಟ್ಟಾಗಿ ಎದ್ದುಹೋದ ಚಿತ್ರಕ್ಕೆ ಬರುವುದು 60% ಮಾತ್ರ. ತಿಂಗಳಿಗೊಂದೇ ಸಿನಿಮಾ ನೋಡುವ ಕುಟುಂಬಕ್ಕೆ ಮೊದಲನೆಯದು ಸುರಕ್ಷಿತ, ಹೊಸತನಕ್ಕಾಗಿ ಹಂಬಲಿಸುವ ವಿದ್ಯಾರ್ಥಿಗೆ ಎರಡನೆಯದೇ ಹೆಚ್ಚು ರುಚಿಸಬಹುದು. ಗೆಳೆಯರ ಗುಂಪಿನಲ್ಲಿಯೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ: ವಾಟ್ಸ್‌ಆ್ಯಪ್‌ನ ಪೋಲ್‌ನಲ್ಲಿ ‘ಹೋಗಬಹುದು’, ‘ಬೇಡ’ ಎಂಬ ಎರಡೇ ಆಯ್ಕೆ ಇಟ್ಟರೆ ಅರ್ಧ ನಿಮಿಷದಲ್ಲಿ ಬಳಗದ ಒಲವು ತಿಳಿಯುತ್ತದೆ. ಕಾರಣ ಮಾತ್ರ ತಿಳಿಯುವುದಿಲ್ಲ, ಅಕ್ಕನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅಂಕವಿಲ್ಲದ ಮಾತು

ಆ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಮಾತೊಂದೇ. ಆದರೆ ಮಾತುಗಳಲ್ಲೂ ಖಾಲಿ ಮಾತುಗಳಿವೆ. ‘ಒಮ್ಮೆ ನೋಡಬಹುದು’ ಎಂಬುದನ್ನೇ ತೆಗೆದುಕೊಳ್ಳಿ. ಹೇಳುವವರು ಚಿತ್ರ ಇಷ್ಟವಾಗದಿದ್ದರೂ ಹಾಗನ್ನುತ್ತಾರೆ, ಸಾಧಾರಣವಾಗಿ ಇಷ್ಟವಾದರೂ ಹಾಗನ್ನುತ್ತಾರೆ, ಜೊತೆಗೆ ಬಂದವರ ಮನಸ್ಸು ನೋಯಿಸಬಾರದೆಂದೂ ಹಾಗನ್ನುತ್ತಾರೆ. ‘ಟೈಂಪಾಸ್’, ‘ಮೇಕಿಂಗ್ ಸೂಪರ್’, ‘ಕಂಟೆಂಟ್ ಚೆನ್ನಾಗಿದೆ’ ಎಂಬವೂ ಅದೇ ಜಾತಿಯವು. ಇವುಗಳ ಬದಲು ಒಂದೇ ಒಂದು ದೃಶ್ಯದ ಬಗ್ಗೆ, ಕಥೆಯ ಗುಟ್ಟು ಒಡೆಯದಂತೆ, ನಿಮಗೆ ಏನಾಯಿತು ಎಂದು ಹೇಳಿದರೆ ಕೇಳುವವರಿಗೆ ಚಿತ್ರದ ಬಣ್ಣ ಸಿಗುತ್ತದೆ. ‘ಮೊದಲ ಅರ್ಧ ಗಂಟೆ ಮಾತೇ ಇಲ್ಲ, ಮಳೆ ಅಷ್ಟೇ, ನನಗೆ ಅದು ಬಹಳ ಸೇರಿತು’ ಎಂಬ ವಾಕ್ಯವನ್ನು ಓದಿದರೆ ಹೋಗಬೇಕಾದವರು ಹೋಗುತ್ತಾರೆ, ಹೋಗಬಾರದವರು ಉಳಿಯುತ್ತಾರೆ.

ನಮ್ಮ ಭಾಗದವರಿಗೆ ಮುಖ್ಯವಾದ ಒಂದು ಸಂಗತಿಯನ್ನು ಯಾವ ಅಂಕವೂ ಹೇಳಲಾರದು, ಅದು ಭಾಷೆ. ಉತ್ತರ ಕರ್ನಾಟಕದ ಮಾತು ತೆರೆಯ ಮೇಲೆ ಬಂದಾಗ ಅದನ್ನು ಬರಿಯ ನಗೆಗೆ ಬಳಸಿದ್ದಾರೋ, ಇಲ್ಲಿ ಬದುಕುವವರ ಮಾತಾಗಿ ಬಳಸಿದ್ದಾರೋ ಎಂಬುದನ್ನು ಹುಬ್ಬಳ್ಳಿ, ಹಾವೇರಿಯ ಪ್ರೇಕ್ಷಕ ಎರಡು ನಿಮಿಷದಲ್ಲಿ ಗುರುತಿಸುತ್ತಾನೆ. ‘ಹೋಗ್ರಿ’, ‘ಬರ್‍ರಿ’ ಎಂದು ಕೊನೆಗೆ ‘ರಿ’ ಅಂಟಿಸಿದರೆ ಧಾರವಾಡದ ಮಾತಾಗುವುದಿಲ್ಲ. ಇದನ್ನು ನಿಮ್ಮ ಅಭಿಪ್ರಾಯದಲ್ಲಿ ದಯವಿಟ್ಟು ಬರೆಯಿರಿ. ಬೆಂಗಳೂರಿನ ವಿಮರ್ಶೆಗಳಲ್ಲಿ ಈ ಮಾತು ನನಗೆ ಅಪರೂಪಕ್ಕೆ ಕಂಡಿದೆ, ಬರೆಯಬೇಕಾದವರು ನಾವೇ. ಹಾಗೆಯೇ ಚಿತ್ರವನ್ನು ಮೂಲ ಭಾಷೆಯಲ್ಲಿ ನೋಡಿದಿರೋ ಕನ್ನಡಕ್ಕೆ ಡಬ್ ಆದದ್ದನ್ನು ನೋಡಿದಿರೋ ಎಂಬುದನ್ನೂ ಸೇರಿಸಿ, ಒಂದೇ ಚಿತ್ರ ಎರಡು ಭಾಷೆಯಲ್ಲಿ ಎರಡು ಅನುಭವವಾಗುವುದುಂಟು.

ಗುಟ್ಟಿನ ವಿಷಯದಲ್ಲಿ ಟೆಲಿಗ್ರಾಂಗೆ ಒಂದು ಮೇಲುಗೈ ಇದೆ: ಒಂದು ಸಾಲನ್ನು ಮರೆಮಾಡಿ ಕಳಿಸಬಹುದು, ಮುಟ್ಟಿದವರಿಗಷ್ಟೇ ಅದು ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಲುಸಾಲಾಗಿ ಚುಕ್ಕಿ ಇಟ್ಟು ಕೆಳಗೆ ತಳ್ಳುವ ಉಪಾಯವೇ ಗತಿ. ಧ್ವನಿ ಸಂದೇಶದಲ್ಲಿ ಉತ್ಸಾಹ ಚೆನ್ನಾಗಿ ದಾಟುತ್ತದೆ, ಆದರೆ ತಿಂಗಳ ನಂತರ ಹುಡುಕಿದರೆ ಸಿಗುವುದಿಲ್ಲ. ಸ್ಟೇಟಸ್‌ಗೆ ಹಾಕಿದ್ದು 24 ಗಂಟೆಯಲ್ಲಿ ಮಾಯವಾಗುತ್ತದೆ.

ಎಲ್ಲಿ ನೋಡಬೇಕು ಎಂಬ ತೀರ್ಪು

ಹುಬ್ಬಳ್ಳಿಯ ಆ ಕುಟುಂಬಕ್ಕೆ ನಾನು ಸೂಚಿಸುವುದು ಅಂಕವನ್ನು ಬಿಟ್ಟು ಜಾಗವನ್ನು ಹೇಳುವ ಪದ್ಧತಿ: ಟಾಕೀಜಿಗೆ ಹೋಗಿ ನೋಡಿ, ಮನೆಗೆ ಬಂದಾಗ ನೋಡಿ, ಬಿಡಿ. ಮೂರೇ ಮೆಟ್ಟಿಲು. ಹೇಳುವವರು ಚಿತ್ರದ ಗುಣವನ್ನು ಮಾತ್ರ ತೂಗದೆ ದೊಡ್ಡ ತೆರೆ, ದೊಡ್ಡ ಸದ್ದು ಅದಕ್ಕೆ ಎಷ್ಟು ಬೇಕು ಎಂಬುದನ್ನೂ ತೂಗಬೇಕಾಗುತ್ತದೆ. ನಾಲ್ಕು ಜನರ ಮನೆಗೆ ಈ ವ್ಯತ್ಯಾಸ ನೇರವಾಗಿ ಕೈಗೆ ತಟ್ಟುತ್ತದೆ. 2025ರ ಸೆಪ್ಟೆಂಬರ್ ಕೊನೆಯಿಂದ 100 ರೂಪಾಯಿಯವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ 5%, ಅದನ್ನು ಮೀರಿದ ಟಿಕೆಟ್ಟಿಗೆ 18%. ಒಂದೇ ತೆರೆಯ ಟಾಕೀಜಿಗೂ ಮಲ್ಟಿಪ್ಲೆಕ್ಸಿಗೂ ಇರುವ ಅಂತರ ಹೀಗೆ ತೆರಿಗೆಯಲ್ಲೂ ಕಾಣಬಹುದು, ಪಾಪ್‌ಕಾರ್ನಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ‘ಟಾಕೀಜಿಗೆ’ ಎನ್ನುವವರು ಯಾವ ಟಾಕೀಜು, ಅಲ್ಲಿ ಸದ್ದು ಹೇಗಿತ್ತು ಎಂಬುದನ್ನೂ ಹೇಳಿದರೆ ಪುಣ್ಯ ಬರುತ್ತದೆ.

ಈ ತೀರ್ಪಿಗೆ ಸೆನ್ಸಾರ್ ಪ್ರಮಾಣಪತ್ರದ ಗುರುತನ್ನು ಕಡ್ಡಾಯವಾಗಿ ಸೇರಿಸಬೇಕೆಂದು ನನ್ನ ಆಗ್ರಹ. ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಕೊಡುವ ಯುಎ ಎಂಬುದು 2024ರ ನಿಯಮಗಳ ನಂತರ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಅಂಕ ಚಿತ್ರದ ಗುಣವನ್ನು ಹೇಳಿದರೆ ಈ ಗುರುತು ಮಗುವಿನ ವಯಸ್ಸಿಗೆ ಅದು ಹೊಂದುತ್ತದೆಯೇ ಎಂಬುದನ್ನು ಹೇಳುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಒಂಬತ್ತು ಅಂಕದ ಯುಎ 16+ ಚಿತ್ರಕ್ಕೆ ಎಂಟು ವರ್ಷದ ಮಗುವಿನೊಂದಿಗೆ ಹೋದ ತಾಯಿ ತಂದೆಯ ಸಂಕಟಕ್ಕೆ ಅಂಕ ಕೊಟ್ಟವರೂ ಅಷ್ಟಿಷ್ಟು ಹೊಣೆಗಾರರು. ಈ ಪದ್ಧತಿಯ ದೌರ್ಬಲ್ಯವೆಂದರೆ ಅದು ಬೇಗ ಹಳೆಯದಾಗುತ್ತದೆ. ಚಿತ್ರ ಟಾಕೀಜಿನಿಂದ ಹೋದ ಮೇಲೆ ‘ಟಾಕೀಜಿಗೆ’ ಎಂಬ ಗುರುತು ವರ್ಷದ ಲೆಕ್ಕ ಇಡುವವರಿಗೆ ಹೆಚ್ಚೇನನ್ನೂ ಹೇಳದು.

ನೋಟ್‌ಬುಕ್

ಇನ್ನೂರು ಪುಟದ ಉದ್ದ ನೋಟ್‌ಬುಕ್ಕಿಗೆ ಚಾರ್ಜು ಬೇಡ, ಪಾಸ್‌ವರ್ಡ್ ಬೇಡ, ಯಾರೂ ನೋಡುವುದಿಲ್ಲವಾದ್ದರಿಂದ ಸುಳ್ಳು ಬರೆಯುವ ಅಗತ್ಯವೂ ಇಲ್ಲ. ನನ್ನದರಲ್ಲಿ ಎಡಗಡೆ ಟಿಕೆಟ್ ಅಂಟಿಸುತ್ತಿದ್ದೆ. ಒಂದು ದಿನ ಹಳೆಯ ಪುಟ ತೆರೆದರೆ ಅರ್ಧಕ್ಕರ್ಧ ಟಿಕೆಟ್ಟುಗಳು ಖಾಲಿ ಕಾಗದದ ಚೂರುಗಳಾಗಿದ್ದವು. ಶಾಖದಿಂದ ಅಚ್ಚಾಗುವ ಥರ್ಮಲ್ ಕಾಗದದ ಅಕ್ಷರ ಕಾಲಕ್ರಮೇಣ ಮಾಸಿಹೋಗುತ್ತದೆ. ಈಗ ಟಿಕೆಟ್ಟಿನ ಕೆಳಗೆ ಚಿತ್ರದ ಹೆಸರು, ತಾರೀಖು, ಟಾಕೀಜು, ಜೊತೆಗಿದ್ದವರು ಇಷ್ಟನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಸ್ಟಾರನ್ನು ಮಾತ್ರ ಆ ರಾತ್ರಿ ಪೆನ್ಸಿಲಿನಲ್ಲಿ ಹಾಕಿ, ವಾರ ಕಳೆದ ಮೇಲೆ ಪೆನ್ನಿನಲ್ಲಿ ತಿದ್ದುತ್ತೇನೆ. ನಾಲ್ಕು ಮೂರಾಗುವುದು ಸಾಮಾನ್ಯ. ಎರಡೂವರೆ ಇದ್ದದ್ದು ನಾಲ್ಕಾದ ಎರಡು ಚಿತ್ರಗಳಿವೆ, ಅವೆರಡೂ ವಾರವಿಡೀ ನನ್ನನ್ನು ಬಿಡದೆ ಕಾಡಿದವು. ಇದರಿಂದ ಮತ್ತೊಬ್ಬರಿಗೆ ಪ್ರಯೋಜನವಿಲ್ಲ ಎಂಬುದು ನಿಜ, ನೋಟ್‌ಬುಕ್ ಗದಗಿಗೆ ತಾನೇ ನಡೆದು ಹೋಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ವಿದ್ಯಾರ್ಥಿನಿಗೆ ಅರ್ಧ ಸ್ಟಾರ್ ಸಹಿತ ಐದು ಸ್ಟಾರ್ ಮತ್ತು ಒಂದು ಸಾಲು, ಲೆಟರ್‌ಬಾಕ್ಸ್‌ಡ್‌ನಲ್ಲಾಗಲಿ ನೋಟ್‌ಬುಕ್ಕಿನಲ್ಲಾಗಲಿ. ಹುಡುಕುವ ಸೌಕರ್ಯ ಬೇಕಿದ್ದರೆ ಮೊದಲನೆಯದು, ಯಾರ ಕಣ್ಣೂ ಬೀಳಬಾರದೆಂದರೆ ಎರಡನೆಯದು. ಹಾವೇರಿಯ ಬಳಗಕ್ಕೆ ಮೂರು ಚಿತ್ರಗಳನ್ನು ಗೊತ್ತುಮಾಡಿಕೊಂಡ ಹತ್ತು ಅಂಕ, ಅಂಕದ ಮುಂದೆ ‘ಏಕೆಂದರೆ’ ಎಂದು ಆರಂಭವಾಗುವ ಒಂದು ವಾಕ್ಯ ಕಡ್ಡಾಯ. ಕುಟುಂಬಕ್ಕೆ ಮೂರು ಮೆಟ್ಟಿಲಿನ ತೀರ್ಪು, ಪ್ರಮಾಣಪತ್ರದ ಗುರುತು, ಮತ್ತು ತಮ್ಮ ರುಚಿಗೆ ಹೊಂದುವ ಇಬ್ಬರೇ ಪರಿಚಿತರ ಮಾತು. ಆ ಇಬ್ಬರು ಸಿಕ್ಕರೆ ಲಕ್ಷ ಮತಗಳ ಸರಾಸರಿ ಬೇಕಾಗುವುದಿಲ್ಲ.

ಕಳೆದ ತಿಂಗಳು ಅಕ್ಕನಿಗೆ ಬರೆದದ್ದು ಹೀಗಿತ್ತು: ‘ಟಾಕೀಜಿಗೆ ಹೋಗ್ರಿ. ಯುಎ 7+. ರಕ್ತ ಇಲ್ಲ, ಒಂದು ಸಾವಿನ ದೃಶ್ಯ ಐತಿ, ಅವ್ವ ಅಳಬಹುದು. ಹಾಡು ಜಾಸ್ತಿ ಆತು. ಮಾತು ನಮ್ಮ ಕಡೀದು, ಸುಳ್ಳಿಲ್ಲ. ನನಗ ಮೂರೂವರೆ ಸ್ಟಾರ್, ಅಜ್ಜಿ ಪಾತ್ರಕ್ಕ.’ ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಕೆಳಗ ಸೀಟು ಅದಾವೇನು, ಇಲ್ಲಾ ಮೆಟ್ಟಲಾ ಹತ್ತಬೇಕೇನು?’ ನಾನು ಅದನ್ನು ಬರೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಟಾಕೀಜಿನ ಹೆಸರಿನ ಪಕ್ಕ ಈಗ ಮೆಟ್ಟಿಲಿಗೂ ಒಂದು ಅಂಕಣ ಎಳೆದಿದ್ದೇನೆ.